ಒಬ್ಬನಿಗೆ ಒಬ್ಬನೇ ಮೇಲಧಿಕಾರಿ

ಬಿಬಿಎಂ ಅಂದರೆ ಏನು ಅಂತ ಆಗ ಬಾಳಗಡಿಯಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಬಿಎ ಗೊತ್ತು, ಬಿಕಾಂ ಗೊತ್ತು. ನಾನು ಬಿಬಿಎಂಗೆ ಪಾಠ ಮಾಡುತ್ತೇನೆ ಅಂದಾಗ ನಮ್ಮ ಪಕ್ಕದ ಮನೆಯಾಕೆ, ಅದು ಬಿಕಾಂ ಸೀಟು ಸಿಗದವರಿಗಾ ಅಂತ ಕೇಳಿದ್ದರು. ನನಗೆ ಸಿಟ್ಟು ಬೇಗ ಬರುತ್ತದೆ, ಅವತ್ತೂ ಬಂತು. ಆದರೆ ಅವರು ಹೇಳಿದ್ದು ಪೂರ್ತಿ ಸುಳ್ಳೂ ಆಗಿರಲಿಲ್ಲ.

ಎರಡು ಸಾವಿರದ ಆರನೇ ಇಸವಿಯಲ್ಲಿ, ಕೊಪ್ಪದ ಪಕ್ಕದ ಬಾಳಗಡಿಯ ನಮ್ಮ ಕಾಲೇಜಿನಲ್ಲಿ ಆ ತರಗತಿ ಶುರುವಾಗಿತ್ತು. ಬೆಂಚುಗಳನ್ನು ಬಿಕಾಂನವರಿಂದ ಎರವಲು ತಂದಿದ್ದರು, ನನ್ನನ್ನು ಅತಿಥಿ ಉಪನ್ಯಾಸಕಿಯಾಗಿ ತಂದಿದ್ದರು. ಮ್ಯಾನೇಜ್‌ಮೆಂಟಿನ ಮೂಲತತ್ವಗಳು ನನ್ನ ಪಾಲಿನ ಪಾಠ. ಒಂದು ಸಂಸ್ಥೆ ಅಂದರೆ ಏನು, ಅದನ್ನು ನಡೆಸುವುದು ಹೇಗೆ, ಯಾರು ಯಾರಿಗೆ ಹೇಳಬೇಕು, ಯಾರು ಯಾರ ಮಾತು ಕೇಳಬೇಕು. ಪುಸ್ತಕದಲ್ಲಿದ್ದ ಉದಾಹರಣೆಗಳೆಲ್ಲ ಕಾರು ತಯಾರಿಸುವ ಕಾರ್ಖಾನೆಯವು. ನಮ್ಮ ಹುಡುಗರು ಕಾರ್ಖಾನೆ ಅಂತ ನೋಡಿದ್ದು ಅಕ್ಕಿ ಗಿರಣಿ ಮಾತ್ರ. ಹಾಗಾಗಿ ನಾನು ಅವರಿಗೆ ಮದುವೆ ಮನೆಯ ಉದಾಹರಣೆ ಕೊಡುತ್ತಿದ್ದೆ. ಬಡಿಸುವವನಿಗೆ ಅತ್ತ ಸೋದರಮಾವ ಒಂದು ಹೇಳಿ, ಇತ್ತ ದೊಡ್ಡಪ್ಪ ಇನ್ನೊಂದು ಹೇಳಿದರೆ ಏನಾಗುತ್ತದೆ? ಪಲ್ಯ ಬಂದ ಎಲೆಗೇ ಮತ್ತೆ ಪಲ್ಯ ಬರುತ್ತದೆ, ಕೊನೆಯ ಪಂಕ್ತಿಗೆ ಸಾರೂ ಸಿಗುವುದಿಲ್ಲ. ಅದಕ್ಕೇ ಒಬ್ಬನಿಗೆ ಒಬ್ಬನೇ ಮೇಲಧಿಕಾರಿ ಇರಬೇಕು ಅಂತ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು ಕೆಳಗೆ ಗೆರೆ ಎಳೆದಿದ್ದೆ. ಎಲ್ಲರಿಗೂ ಅರ್ಥವಾಗಿತ್ತು.

ಜನವರಿಯಲ್ಲಿ ಪ್ರಿನ್ಸಿಪಾಲರು ನನ್ನನ್ನು ಕರೆದರು. ವಿಶ್ವವಿದ್ಯಾಲಯದಿಂದ ಪರಿಶೀಲನಾ ಸಮಿತಿ ಬರುವುದಿತ್ತು. ಅವರು ಒಪ್ಪಿದರೆ ಎರಡನೇ ವರ್ಷದ ಬಿಬಿಎಂ ನಡೆಯುತ್ತದೆ, ಇಲ್ಲದಿದ್ದರೆ ಅಲ್ಲಿಗೇ ಮುಚ್ಚುತ್ತದೆ. ಹುಡುಗರು ಬೇಕಾದರೆ ಶಿವಮೊಗ್ಗಕ್ಕೆ ಹೋಗಬಹುದು ಅಂತ ಅವರು ಸಲೀಸಾಗಿ ಅಂದುಬಿಟ್ಟರು. ಕೆಲವರು ಹೋಗಬಹುದಿತ್ತು. ನಿತೀಶ ಹೋಗುವ ಹಾಗಿರಲಿಲ್ಲ.

ನಿತೀಶ ಭಂಡಿಗಡಿಯವನು. ತಂದೆ ಇಲ್ಲ. ತಾಯಿ ಗಿರಿಯಮ್ಮ ಅಡಿಕೆ ತೋಟದಲ್ಲಿ ಕೆಲಸಕ್ಕಿದ್ದಳು, ಅವರ ಬಿಡಾರವೂ ಆ ತೋಟದವರ ಜಾಗದಲ್ಲೇ ಇತ್ತು. ಕಾಲೇಜು ಹತ್ತಿರವಿದೆ ಅನ್ನುವ ಒಂದೇ ಕಾರಣಕ್ಕೆ ಅವನ ಓದು ನಡೆದಿತ್ತು. ತರಗತಿ ಮುಚ್ಚಿದರೆ ಅವನಿಗೆ ತೋಟದಲ್ಲೇ ಮೇಸ್ತ್ರಿ ಕೆಲಸ ಕೊಡುವುದಾಗಿ ಒಡೆಯರು ಆಗಲೇ ಹೇಳಿದ್ದರಂತೆ, ಗಿರಿಯಮ್ಮ ಕೈಮುಗಿದು ಬಂದಿದ್ದಳಂತೆ. ಅವನು ನನ್ನ ತರಗತಿಯ ಅತಿ ಚುರುಕಾದ ಹುಡುಗ. ಪ್ರಶ್ನೆ ಕೇಳಿದರೆ ಕೈ ಎತ್ತುತ್ತಿರಲಿಲ್ಲ, ಹೆಸರು ಹಿಡಿದು ಕೇಳಿದರೆ ಮಾತ್ರ ಪುಸ್ತಕದಲ್ಲಿಲ್ಲದ್ದನ್ನೂ ಸೇರಿಸಿ ಹೇಳುತ್ತಿದ್ದ. ಅವನು ಅಡಿಕೆ ಗೊನೆ ಎಣಿಸಿಕೊಂಡು ಕೂರುವುದನ್ನು ನೆನೆದರೇ ನನಗೆ ಸಂಕಟವಾಗುತ್ತಿತ್ತು.

ಸಮಿತಿಗೆ ತೋರಿಸಲು ನಮ್ಮಲ್ಲಿ ಏನಿತ್ತು? ಕಟ್ಟಡ ಇರಲಿಲ್ಲ, ಕಂಪ್ಯೂಟರ್ ಒಂದಿತ್ತು, ಅದೂ ಆಫೀಸಿನಲ್ಲಿ. ಮಕ್ಕಳನ್ನೇ ತೋರಿಸೋಣ ಅಂದುಕೊಂಡೆ. ಆ ದಿನದ ಪೂರ್ತಿ ಕಾರ್ಯಕ್ರಮವನ್ನು, ಸಮಿತಿಯವರನ್ನು ಕರೆತರುವುದರಿಂದ ಹಿಡಿದು ಊಟ ಹಾಕಿ ಕಳಿಸುವ ತನಕ, ವಿದ್ಯಾರ್ಥಿಗಳೇ ನಡೆಸಬೇಕು. ಒಬ್ಬ ಮ್ಯಾನೇಜರ್, ಅವನ ಕೆಳಗೆ ನಾಲ್ಕು ವಿಭಾಗ. ಮ್ಯಾನೇಜರ್ ಹೇಳಿದ ಹಾಗೆ ಉಳಿದವರು ಕೇಳಬೇಕು, ನಾನೂ ಮಧ್ಯೆ ಬಾಯಿ ಹಾಕುವ ಹಾಗಿಲ್ಲ. ಪ್ರಿನ್ಸಿಪಾಲರು ಗಲ್ಲ ಕೆರೆದುಕೊಂಡು ಒಪ್ಪಿದರು.

ಮ್ಯಾನೇಜರ್ ನಿತೀಶ ಅಂತ ಹೇಳಿದೆ. ಊಟದ ವಿಭಾಗ ತಸ್ಮಿಯಾಳಿಗೆ. ಕೊಪ್ಪ ಪೇಟೆಯ ಹುಡುಗಿ ಅವಳು, ಯಾರನ್ನಾದರೂ ಮಾತಿನಲ್ಲಿ ಸೋಲಿಸುತ್ತಿದ್ದಳು. ವಾಹನದ ವಿಭಾಗ ರಾಕೇಶನಿಗೆ, ಯಾಕೆಂದರೆ ಅವನ ಮನೆಯಲ್ಲಿ ಜೀಪಿತ್ತು. ರಾಕೇಶನ ತಂದೆ ವೆಂಕಟರಮಣಯ್ಯನವರು ನಮ್ಮ ಕಾಲೇಜಿನ ಆಡಳಿತ ಮಂಡಳಿಯ ಕಾರ್ಯದರ್ಶಿ. ಮೆತ್ತಗೆ ಮಾತಾಡುವ, ಎಲ್ಲರನ್ನೂ 'ಬಾರಮ್ಮ, ಬಾರಪ್ಪ' ಅನ್ನುವ ಮನುಷ್ಯ.

ಪಾಠ ಮುಗಿದ ಮೇಲೆ ನಿತೀಶ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತ. ಬೇರೆ ಯಾರನ್ನಾದರೂ ಮ್ಯಾನೇಜರ್ ಮಾಡಿ ಅಂದ. ಕಾರಣ ಕೇಳಿದೆ, ನೆಲ ನೋಡಿದ. ಆಂತರಿಕ ಅಂಕ ಇದರ ಮೇಲೇ ಕೊಡುವುದು ಅಂತ ಹೆದರಿಸಿದೆ. ತಲೆ ಅಲ್ಲಾಡಿಸಿ ಹೋದ. ಕಾರಣವನ್ನು ಆಮೇಲೆ ತಸ್ಮಿಯಾ ಹೇಳಿದಳು. ಗಿರಿಯಮ್ಮ ಕೆಲಸ ಮಾಡುವ ತೋಟ ವೆಂಕಟರಮಣಯ್ಯನವರದ್ದೇ. ಬಿಡಾರ ಇರುವುದೂ ಅವರ ಜಾಗದಲ್ಲೇ. ಒಡೆಯರ ಮಗನಾದ್ದರಿಂದ ನಿತೀಶನಿಗೆ ಮನೆಯಲ್ಲಿ ರಾಕೇಶ 'ಸಣ್ಣಯ್ಯ'. ಕಾಲೇಜಿನಲ್ಲಿ ಹಾಗೆ ಕರೆದರೆ ಉಳಿದವರು ನಗುತ್ತಾರೆ, ಹೆಸರು ಹಿಡಿದು ಕರೆದರೆ ತಾಯಿ ಸುಮ್ಮನೆ ಬಿಡುವುದಿಲ್ಲ. ಹಾಗಾಗಿ ಅವನು ರಾಕೇಶನನ್ನು ಇಲ್ಲಿಯ ತನಕ ಏನಂತಲೂ ಕರೆದೇ ಇಲ್ಲವಂತೆ.

"ಎದುರಿಗೆ ಹೋಗಿ ನಿಂತ್ಕೊಳ್ತಾನೆ ಮೇಡಂ, ಅವನಾಗಿ ನೋಡೋ ತನಕ," ಅಂದಳು ತಸ್ಮಿಯಾ.

ಆಗಲೇ ಬೇರೆಯವರನ್ನು ಮ್ಯಾನೇಜರ್ ಮಾಡಬಹುದಿತ್ತು ಅಂತ ಈಗಲೂ ಕೆಲವರು ಹೇಳುತ್ತಾರೆ. ಯಾಕೆ ಮಾಡಬೇಕಿತ್ತು? ಅಧಿಕಾರ ಇರುವುದು ಕುರ್ಚಿಗೆ, ಅದರಲ್ಲಿ ಕೂತವನ ಅಪ್ಪ ಯಾರು ಅನ್ನುವುದಕ್ಕಲ್ಲ ಅಂತ ಆ ವಾರವೇ ಪಾಠ ಮಾಡಿದ್ದೆ. ತೋಟ ಇದ್ದವನ ಮಗ ಮಾತ್ರ ಹೇಳಬೇಕು, ಉಳಿದವರು ಕೇಳಬೇಕು ಅನ್ನುವುದಾದರೆ ಆ ಪಾಠ ಯಾಕೆ, ಆ ತರಗತಿ ಯಾಕೆ? ನನ್ನದು ಸರಿ ಅಂತಲೇ ಈಗಲೂ ನನ್ನ ವಾದ. ಆದರೆ ಹೆದರಿಕೆಯಂತೂ ಅವತ್ತಿನಿಂದಲೇ ಶುರುವಾಯಿತು.

ಯಾಕೆಂದರೆ ನಿತೀಶ ಮ್ಯಾನೇಜರ್ ಕೆಲಸವನ್ನು ತನ್ನದೇ ರೀತಿಯಲ್ಲಿ ಮಾಡತೊಡಗಿದ. ತಸ್ಮಿಯಾಳಿಗೆ ಹೇಳಬೇಕಾದ್ದನ್ನು ಹೇಳುತ್ತಿದ್ದ, ವೇದಿಕೆಯವರಿಗೆ ಹೇಳುತ್ತಿದ್ದ. ರಾಕೇಶನ ಪಾಲಿನ ಕೆಲಸ ಬಂದಾಗ ಮಾತ್ರ ತಾನೇ ಮಾಡಿಬಿಡುತ್ತಿದ್ದ. ಪೇಟೆಯಿಂದ ಜಮಖಾನ ತರಬೇಕಿತ್ತು. ಜೀಪಿನಲ್ಲಿ ಒಂದು ಗಳಿಗೆಯ ಕೆಲಸ ಅದು. ಇವನು ಹೆಗಲ ಮೇಲೆ ಹೊತ್ತು ನಡೆದು ತಂದ. ಮೈಕ್ ಪೆಟ್ಟಿಗೆಯನ್ನು ಬಸ್ಸಿನಲ್ಲಿ ಹಾಕಿಕೊಂಡು ಬಂದ. ರಾಕೇಶ ಕೆಟ್ಟ ಹುಡುಗನಲ್ಲ, ಸ್ವಲ್ಪ ಆರಾಮದವನು. ತನಗೇನೂ ಕೆಲಸ ಇಲ್ಲ ಅಂತ ಮೆಟ್ಟಿಲ ಮೇಲೆ ಕೂತು ಕಾಲು ಅಲ್ಲಾಡಿಸುತ್ತಿದ್ದ. ನಾನು ಬಾಯಿ ಹಾಕುವುದಿಲ್ಲ ಅಂತ ಮಾತು ಕೊಟ್ಟಿದ್ದೆ. ನೋಡಿ ನೋಡಿ ಹಲ್ಲು ಕಚ್ಚಿಕೊಂಡೆ.

ಉಳಿದವರ ವಿಷಯಕ್ಕೆ ಬಂದರೆ ನನ್ನ ಪಾಠ ಬೇಕಾದ್ದಕ್ಕಿಂತ ಹೆಚ್ಚೇ ತಲೆಗೆ ಹತ್ತಿತ್ತು. ಒಂದು ದಿನ ಬಿಕಾಂ ಮೇಷ್ಟ್ರು ಬಂದು ಬೆಂಚು ಸರಿಸಿ ಅಂದಾಗ ಇಬ್ಬರು ಹುಡುಗರು ಸರಿಸಿದ್ದರು. ನಿಮಗೆ ಮ್ಯಾನೇಜರ್ ಹೇಳಿದ್ದರಾ ಅಂತ ನಾನು ಅವರನ್ನು ಎಲ್ಲರೆದುರು ತರಾಟೆಗೆ ತೆಗೆದುಕೊಂಡಿದ್ದೆ. ಅಂದಿನಿಂದ ಯಾರು ಏನು ಹೇಳಿದರೂ, ಮ್ಯಾನೇಜರನ್ನ ಕೇಳಿ ಸರ್ ಅನ್ನುವುದು ಅವರಿಗೆ ಅಭ್ಯಾಸವಾಯಿತು. ನಾನು ಒಳಗೊಳಗೇ ಬೀಗಿದ್ದೆ.

ಸಮಿತಿಯವರು ಮೂವರು. ಹಿಂದಿನ ದಿನ ಶೃಂಗೇರಿಗೆ ಬಂದು, ದೇವರ ದರ್ಶನ ಮಾಡಿ, ಅಲ್ಲೇ ಉಳಿಯುವುದು. ಬೆಳಿಗ್ಗೆ ಹನ್ನೊಂದಕ್ಕೆ ನಮ್ಮಲ್ಲಿಗೆ, ಊಟ ಮಾಡಿ, ಎಲ್ಲರೂ ಎನ್.ಆರ್. ಪುರ ಅನ್ನುವ ನರಸಿಂಹರಾಜಪುರದ ಇನ್ನೊಂದು ಕಾಲೇಜಿಗೆ. ಶೃಂಗೇರಿಯಿಂದ ಅವರನ್ನು ಕರೆತರುವುದು ರಾಕೇಶನ ಜೀಪು. ನಾನು ಸೀರೆ ಇಸ್ತ್ರಿ ಮಾಡಿಟ್ಟುಕೊಂಡು, ಅವರು ಏನೇನು ಕೇಳಬಹುದು ಅಂತ ಯೋಚಿಸುತ್ತ ಬೆಳಗಾಗುವುದನ್ನೇ ಕಾದೆ.

ಬೆಳಿಗ್ಗೆ ಕಾಲೇಜಿಗೆ ಬಂದರೆ ಪ್ರಿನ್ಸಿಪಾಲರು ಗೇಟಿನಲ್ಲೇ ನಿಂತಿದ್ದರು. ಇಷ್ಟು ಹೊತ್ತಿಗೆ ಬರಬೇಕಿತ್ತಲ್ಲಮ್ಮ, ಒಂಬತ್ತು ಆಯಿತಲ್ಲ ಅಂದರು. ಯಾರು ಬರಬೇಕಿತ್ತು ಅಂತ ಕೇಳಿದೆ. ಹಿಂದಿನ ಸಂಜೆ ಸಮಿತಿಯವರು ಫೋನ್ ಮಾಡಿ, ಹನ್ನೊಂದಕ್ಕಲ್ಲ, ಒಂಬತ್ತಕ್ಕೇ ಬರುತ್ತೇವೆ, ಬೇಗ ಗಾಡಿ ಕಳಿಸಿ ಅಂದಿದ್ದರಂತೆ. ಪ್ರಿನ್ಸಿಪಾಲರು ಮ್ಯಾನೇಜರ್ ನಿತೀಶನಿಗೆ ಮಾತ್ರ ಹೇಳಿದ್ದರು. ನೀವೇ ಹಾಗೆ ನಿಯಮ ಮಾಡಿದ್ದಲ್ಲ ಅಂತ ನನ್ನನ್ನು ನೋಡಿದರು. ನಿತೀಶ 'ಆಯ್ತು ಸರ್' ಅಂದಿದ್ದನಂತೆ.

ನಿತೀಶ ಎಲ್ಲೂ ಕಾಣಲಿಲ್ಲ. ಸಭಾಂಗಣಕ್ಕೆ ಓಡಿದೆ. ಕುರ್ಚಿಗಳು ಗೋಡೆಗೆ ಒರಗಿಕೊಂಡು ಹಾಗೇ ಇದ್ದವು. ಬ್ಯಾನರ್ ಸುತ್ತಿದ್ದು ಸುತ್ತಿದ ಹಾಗೇ ಇತ್ತು. ಹುಡುಗರು ಹೊಸ ಅಂಗಿ ಹಾಕಿಕೊಂಡು ಸಾಲಾಗಿ ನಿಂತಿದ್ದರು. ಯಾಕೆ ಜೋಡಿಸಿಲ್ಲ ಅಂತ ಕಿರುಚಿದೆ. ಮ್ಯಾನೇಜರ್ ಇನ್ನೂ ಬಂದಿಲ್ಲ ಮೇಡಂ, ಹೇಳಿಲ್ಲ ಅಂದರು. ತಮಾಷೆಗಲ್ಲ, ನಿಜವಾಗಿ ಅಂದರು. ಅಷ್ಟು ಚೆನ್ನಾಗಿ ಕಲಿಸಿದ್ದೆ. ಎಲ್ಲ ನಿಯಮ ಬಿಟ್ಟು, ನಾನೇ ಕುರ್ಚಿ ಎಳೆಯತೊಡಗಿದೆ. ಆಗ ಅವರೂ ಕೈ ಹಾಕಿದರು.

ತಸ್ಮಿಯಾ ನನ್ನನ್ನು ಪಕ್ಕಕ್ಕೆ ಕರೆದು ನಡೆದದ್ದನ್ನು ಹೇಳಿದಳು. ಹಿಂದಿನ ದಿನ ನಿತೀಶ ಅವಳ ಅಣ್ಣ ಹಸೀಬನ ಹತ್ತಿರ ಹೋಗಿದ್ದ. ಹಸೀಬ ಓಮ್ನಿ ಬಾಡಿಗೆಗೆ ಓಡಿಸುತ್ತಿದ್ದ. ಮುಂಜಾನೆ ಎದ್ದು ಇಬ್ಬರೂ ಅದರಲ್ಲಿ ಶೃಂಗೇರಿಗೆ ಹೋಗಿದ್ದರು. ರಾಕೇಶನಿಗೆ ಗಂಟೆ ಬದಲಾದದ್ದನ್ನೇ ಹೇಳಿರಲಿಲ್ಲ. ಒಡೆಯರ ಮನೆಯ ಬಾಗಿಲಿಗೆ ಹೋಗಿ, ಸಣ್ಣಯ್ಯ ಕತ್ತಲಲ್ಲೇ ಏಳಬೇಕು, ಜೀಪು ತೆಗೆಯಬೇಕು ಅಂತ ಅವನ ಬಾಯಲ್ಲಿ ಬರಲಿಲ್ಲ. ಬಿಡಾರದಿಂದ ಆ ಮನೆಗೆ ಅಂಗಳ ದಾಟಿದರೆ ಆಯಿತು. ಅಷ್ಟು ದೂರ ಅವನಿಗೆ ಹೋಗಲಿಕ್ಕಾಗಲಿಲ್ಲ.

ಅದೇ ಹೊತ್ತಿಗೆ ರಾಕೇಶ ಜೀಪು ತೊಳೆದುಕೊಂಡು ಬಂದ. ತಂದೆಯನ್ನು ಕೂರಿಸಿಕೊಂಡು ಬಂದಿದ್ದ. ಇನ್ನು ಶೃಂಗೇರಿಗೆ ಹೊರಡುತ್ತೇನೆ ಮೇಡಂ ಅಂತ ನಗುತ್ತ ಹೇಳಿದ. ನಾನು ಇದ್ದದ್ದನ್ನು ಇದ್ದ ಹಾಗೇ ಹೇಳಿಬಿಟ್ಟೆ. ಅವನ ನಗು ಇಳಿದುಹೋಯಿತು. ಅವನಿಗೆ ಅಷ್ಟು ನೋವಾಗಬಹುದು ಅಂತ ನಾನು ಅಂದುಕೊಂಡಿರಲಿಲ್ಲ. ನಾನು ಅಷ್ಟೂ ಉಪಯೋಗಕ್ಕಿಲ್ಲದವನಾ ಅಂತ ಮೆಲ್ಲಗೆ ಕೇಳಿದ. ಹೋಗಪ್ಪ, ದಾರಿಯಲ್ಲಿ ಎಲ್ಲಿದ್ದಾರೋ ನೋಡಿ ಕರೆದುಕೊಂಡು ಬಾ ಅಂದೆ. ಅವನು ಅಲ್ಲಾಡಲಿಲ್ಲ.

"ನಿತೀಶ ಹೇಳ್ಲಿ ಮೇಡಂ, ಹೋಗ್ತೀನಿ. ಒಬ್ಬನಿಗೆ ಒಬ್ಬನೇ ಮೇಲಧಿಕಾರಿ ಅಂತ ಕಲ್ಸಿದ್ದು ನೀವೇ ಅಲ್ವಾ?"

ಕಪಾಳಕ್ಕೆ ಬಾರಿಸೋಣ ಅನ್ನಿಸಿತು. ಆದರೆ ಅವನು ತಪ್ಪೇನು ಹೇಳಿದ? ತಂದೆ ಪ್ರಿನ್ಸಿಪಾಲರ ಕೋಣೆಯಲ್ಲಿ ಕಾಫಿ ಕುಡಿಯುತ್ತ ಕೂತಿದ್ದರು. ಅವರಿಂದ ಒಂದು ಮಾತು ಹೇಳಿಸಿದ್ದರೆ ಮಗ ಹೊರಡುತ್ತಿದ್ದ. ಹೇಳಿಸಲು ಅಂತಲೇ ಕೋಣೆಗೆ ಹೋದೆ. ರಾಕೇಶನೂ ಹಿಂದೆ ಬಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಮೇಜಿನ ಮೇಲಿದ್ದ ಫೋನ್ ಹೊಡೆದುಕೊಂಡಿತು, ನಾನೇ ಎತ್ತಿದೆ.

ನಿತೀಶ. ಮೆಣಸೆಯ ಒಂದು ಅಂಗಡಿಯಿಂದ ಮಾಡಿದ್ದ. ಶೃಂಗೇರಿಯಿಂದ ಹೊರಟ ಸ್ವಲ್ಪದರಲ್ಲೇ ಓಮ್ನಿ ಕೆಟ್ಟು ನಿಂತಿತ್ತು, ಹಸೀಬ ಏನು ಮಾಡಿದರೂ ಚಾಲೂ ಆಗುತ್ತಿರಲಿಲ್ಲ. ಮೊಬೈಲಿಗೆ ಸಿಗ್ನಲ್ ಇಲ್ಲ. ಸಮಿತಿಯವರು ರಸ್ತೆ ಬದಿಯಲ್ಲಿ ನಿಂತಿದ್ದಾರೆ, ಅವರಲ್ಲಿ ದೊಡ್ಡವರು, ಹೀಗಾದರೆ ನಾವು ಬಸ್ಸು ಹಿಡಿದು ನೇರ ಎನ್.ಆರ್. ಪುರಕ್ಕೇ ಹೋಗುತ್ತೇವೆ ಅನ್ನುತ್ತಿದ್ದಾರೆ. ಇಷ್ಟನ್ನು ಒಂದೇ ಉಸಿರಿನಲ್ಲಿ ಹೇಳಿದ. ಧ್ವನಿ ಅಳುವವನ ಹಾಗಿತ್ತು. ಏನಾದರೂ ಮಾಡಿ ಮೇಡಂ ಅಂದ.

ರಾಕೇಶ ಇಲ್ಲೇ ಇದ್ದಾನೆ, ಜೀಪೂ ಇದೆ, ನೀನೇ ಹೇಳು ಅಂತ ರಿಸೀವರನ್ನು ರಾಕೇಶನ ಕೈಗೆ ಕೊಟ್ಟೆ. ಆ ಫೋನು ಹಳೆಯದು, ಆ ಕಡೆಯ ಮಾತು ಇಡೀ ಕೋಣೆಗೆ ಕೇಳುತ್ತಿತ್ತು. ವೆಂಕಟರಮಣಯ್ಯನವರು ಪೇಪರ್ ಮಡಿಸಿಟ್ಟರು. ಆ ಕಡೆಯಿಂದ ಸದ್ದಿಲ್ಲ. ಲಾರಿಯೊಂದು ಹಾದುಹೋದದ್ದು ಕೇಳಿಸಿತು. ಅವನು ಫೋನ್ ಇಟ್ಟುಬಿಟ್ಟನಾ ಅಂದುಕೊಂಡೆ. ಮತ್ತೆ ಏನೋ ಗೊಣಗಿದ್ದು ಕೇಳಿಸಿತು.

"ಕೇಳ್ತಿಲ್ಲ," ಅಂದ ರಾಕೇಶ. "ಜೋರಾಗಿ ಹೇಳು."

ನಿಜವಾಗಿಯೂ ಕೇಳಿಸಿರಲಿಲ್ಲವೋ, ಬೇಕಂತಲೇ ಅಂದನೋ, ಗೊತ್ತಿಲ್ಲ. ಆಮೇಲೆ ಎಷ್ಟೋ ಸಲ ಅವನನ್ನು ಕೇಳಬೇಕು ಅನ್ನಿಸಿದೆ, ಕೇಳಿಲ್ಲ. ಆಮೇಲೆ ಮೆಣಸೆಯ ಅಂಗಡಿಯಿಂದ, ಅಲ್ಲಿದ್ದವರೆಲ್ಲ ತಿರುಗಿ ನೋಡಿರಬೇಕು, ಅಷ್ಟು ಜೋರಾಗಿ ನಿತೀಶ ಕೂಗಿದ.

"ರಾಕೇಶ, ಜೀಪ್ ತಗಂಡ್ ಮೆಣಸೆಗೆ ಬಾ. ಈಗ್ಲೇ ಹೊರಡು."

ರಾಕೇಶ ರಿಸೀವರ್ ಇಟ್ಟು, ಯಾರ ಮುಖವನ್ನೂ ನೋಡದೆ ಹೊರಟ. ಜೀಪು ಗೇಟು ದಾಟಿದ ಸದ್ದು ಕೇಳಿಸಿತು. ಪ್ರಿನ್ಸಿಪಾಲರು ಮೇಜಿನ ಮೇಲೆ ಇಲ್ಲದ ಧೂಳನ್ನು ಒರೆಸುತ್ತಿದ್ದರು. ವೆಂಕಟರಮಣಯ್ಯನವರು ಕಾಫಿಯ ಕೊನೆಯ ಗುಟುಕು ಕುಡಿದು ಲೋಟ ಕೆಳಗಿಟ್ಟರು.

"ಹುಡ್ಗ ಜೋರಿದಾನೆ," ಅಂದರು.

ಅಷ್ಟೇ. ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ.

ಹನ್ನೊಂದರ ಹೊತ್ತಿಗೆ ಜೀಪು ಬಂತು. ಸಮಿತಿಯ ಹಿರಿಯರು ಬೆವರಿದ್ದರು, ಮುಖ ಗಂಟು ಹಾಕಿಕೊಂಡಿದ್ದರು. ಆದರೆ ತಸ್ಮಿಯಾ ಬಿಸಿ ಕಡುಬು ಮುಂದಿಟ್ಟ ಮೇಲೆ ಗಂಟು ಸ್ವಲ್ಪ ಸಡಿಲವಾಯಿತು. ಸಭೆಯಲ್ಲಿ ಅವರು ನಿತೀಶನನ್ನು ಎಬ್ಬಿಸಿ, ನೀನು ಮ್ಯಾನೇಜರ್ ತಾನೆ, ಬೆಳಿಗ್ಗೆ ಯಾರ ತಪ್ಪು ಅಂತ ನೇರವಾಗಿ ಕೇಳಿದರು. ನನ್ನದು ಅಂದ ಅವನು. ಹೇಳಬೇಕಾದವರಿಗೆ ಹೇಳದೆ ನಾನೇ ಮಾಡಲು ಹೋದೆ ಅಂದ. ಹೇಳದಿದ್ದುದಕ್ಕೆ ಕಾರಣ ಅವರು ಕೇಳಲಿಲ್ಲ, ಪುಣ್ಯ. ಇದು ಎಲ್ಲ ಮ್ಯಾನೇಜರುಗಳೂ ಮಾಡುವ ತಪ್ಪು, ನೀನು ಮೊದಲ ವರ್ಷದಲ್ಲೇ ಮಾಡಿ ಮುಗಿಸಿದೆ ಅಂತ ನಕ್ಕರು. ಹುಡುಗರು ಚಪ್ಪಾಳೆ ತಟ್ಟಿದರು. ರಾಕೇಶನೂ ತಟ್ಟಿದ. ಮುಂದಿನ ಸಾಲಿನಲ್ಲಿ ಕೂತಿದ್ದ ವೆಂಕಟರಮಣಯ್ಯನವರ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು.

ಅಲ್ಲಿಂದ ಮುಂದೆ ನನಗೆ ನೆಮ್ಮದಿ ಇರಲಿಲ್ಲ. 'ಹುಡ್ಗ ಜೋರಿದಾನೆ' ಅನ್ನುವ ಮಾತನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ, ಯಾವ ಕಡೆಯಿಂದಲೂ ಅರ್ಥ ಸಿಗಲಿಲ್ಲ. ಕೊಯ್ಲಿನ ಸಮಯ ಅದು, ಗಿರಿಯಮ್ಮ ಅಡಿಕೆ ಸುಲಿಯಲು ಅವರ ಅಂಗಳದಲ್ಲೇ ಇರುತ್ತಾಳೆ. ದಿನಾ ಬೆಳಿಗ್ಗೆ ಹಾಜರಿ ಕರೆಯುವ ಮೊದಲು ನಿತೀಶನನ್ನು ಹತ್ತಿರ ಕರೆದು ಕೇಳುತ್ತಿದ್ದೆ, ಅಮ್ಮ ಕೆಲಸಕ್ಕೆ ಹೋದರಾ ಅಂತ. ಹೋಗಿದಾರೆ ಮೇಡಂ ಅನ್ನುತ್ತಿದ್ದ. ಮನೆ? ಅಲ್ಲೇ ಇದೀವಿ ಮೇಡಂ. ರಾಕೇಶ ಮಾತಾಡ್ತಾನಾ? ಮಾತಾಡ್ತಾನೆ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತಿರುವುದನ್ನು ನಾನೇ ನೋಡುತ್ತಿದ್ದೆ. ಆದರೂ ಮರುದಿನ ಬೆಳಿಗ್ಗೆ ಕೇಳದೆ ಇರಲು ಆಗುತ್ತಿರಲಿಲ್ಲ.

ಮಾರ್ಚ್ ಕೊನೆಯಲ್ಲಿ ಎರಡನೇ ವರ್ಷಕ್ಕೆ ಅನುಮತಿ ಬಂತು. ಹುಡುಗರು ಕಾರಿಡಾರಿನಲ್ಲಿ ಕುಣಿದರು. ನಿತೀಶ ಕುಣಿಯಲಿಲ್ಲ, ಆದರೆ ಅವನು ಯಾವತ್ತೂ ಕುಣಿಯುವವನಲ್ಲ ಅಂತ ನಾನು ಸಮಾಧಾನ ಮಾಡಿಕೊಂಡೆ. ಅದಾದ ಮೇಲೆ ಅವನು ಕೆಲವು ದಿನ ಕಾಲೇಜಿಗೆ ಬರಲಿಲ್ಲ. ರಾಕೇಶನನ್ನು ಕೇಳಿದರೆ, ಗೊತ್ತಿಲ್ಲ ಮೇಡಂ ಅಂತ ಮುಖ ತಿರುಗಿಸಿದ.

ಒಂದು ಮಧ್ಯಾಹ್ನ ಗಿರಿಯಮ್ಮ ಕಾಲೇಜಿಗೆ ಬಂದಳು. ಅವಳನ್ನು ನಾನು ನೋಡಿದ್ದು ಅದೇ ಮೊದಲು. ಸಣ್ಣ ಆಳು, ಅಡಿಕೆಯ ಚೊಗರು ಹತ್ತಿ ಕಪ್ಪಾದ ಬೆರಳುಗಳು. ಒಳಗೆ ಬಾ ಅಂದರೆ ಬರಲಿಲ್ಲ, ಜಗುಲಿಯ ಕಂಬದ ಹತ್ತಿರವೇ ನಿಂತಳು. ಕೆಲಸದಿಂದ ತೆಗೆದರಾ ಅಂತ ನಾನೇ ಮೊದಲು ಕೇಳಿದೆ. ಅಷ್ಟು ದಿನ ಒಳಗೇ ಇಟ್ಟುಕೊಂಡಿದ್ದ ಪ್ರಶ್ನೆ ಅದು. ಅವಳು ಆಶ್ಚರ್ಯದಿಂದ ನನ್ನನ್ನು ನೋಡಿದಳು.

"ಒಡೇರು ಎಂತದೂ ಅನ್ಲಿಲ್ಲ ಮೇಡಮ್ಮ. ಅನ್ನೋರೂ ಅಲ್ಲ. ದಿನಾ ಕಾಫಿ ಕೊಡೋರು, ಹಂಗೇ ಕೊಟ್ರು. ನಂಗೇ ಆಗ್ಲಿಲ್ಲ. ಸಣ್ಣಯ್ಯ ಎದ್ರು ಬಂದ್ರೆ ನನ್ ತಲೆ ತಗ್ಗತ್ತೆ, ಇವನ್ ತಲೆ ತಗ್ಗಲ್ಲ. ಒಂದೇ ಅಂಗಳದಲ್ಲಿ ಎರಡೂ ಹೆಂಗೆ ನಡೆಯತ್ತೆ?"

ಅವಳೇ ಕೆಲಸ ಬಿಟ್ಟಿದ್ದಳು. ಬಿಡಾರವನ್ನೂ ಬಿಟ್ಟಿದ್ದಳು. ಎನ್.ಆರ್. ಪುರದ ಕಡೆ ಒಂದು ಕಾಫಿ ತೋಟದ ಕೂಲಿಯವರ ಲೈನ್ ಮನೆಗೆ ಸಾಮಾನು ಸಾಗಿಸಿ ಆಗಿತ್ತು, ಅದಕ್ಕೇ ನಿತೀಶ ಬಂದಿರಲಿಲ್ಲ. ನಾಳೆಯಿಂದ ಬಸ್ಸಿನಲ್ಲಿ ಬರುತ್ತಾನೆ, ತಡವಾದರೆ ಬೈಯಬೇಡಿ ಅಂದಳು. ಹುಟ್ಟಿದಾಗಿನಿಂದ ಅಡಿಕೆ ತೋಟ ಬಿಟ್ಟು ಬೇರೆ ಗೊತ್ತಿಲ್ಲದ ಹೆಂಗಸು, ಈ ವಯಸ್ಸಿನಲ್ಲಿ ಕಾಫಿ ಗಿಡದ ಕೆಲಸ ಕಲಿಯಲು ಹೊರಟಿದ್ದಳು. ಅವನನ್ನು ಬೈದೆಯಾ ಅಂತ ಕೇಳಿದೆ.

ಬೈದೆ ಅಂದಳು. ಹೊಡೆದೂ ಹೊಡೆದೆ ಅಂದಳು. ಆಮೇಲೆ ಇನ್ನು ಎಷ್ಟು ವರ್ಷ ಉಂಟು ಈ ಓದು ಅಂತ ಕೇಳಿದಳು. ಎರಡು ಅಂದೆ. ಅವಳು ಬೆರಳು ಮಡಿಸಿ ಏನೋ ಲೆಕ್ಕ ಹಾಕಿದಳು.

"ಎರಡು ವರ್ಷ ನಾನು ದುಡೀತೀನಿ. ಇನ್ನು ಅವ್ನು ತೋಟದ ಕೆಲಸಕ್ಕೆ ಆಗಲ್ಲ ಮೇಡಮ್ಮ, ನೀವು ಕೆಡ್ಸಿ ಆಯ್ತು. ಶುರು ಮಾಡಿದ್ದನ್ನ ನೀವೇ ಮುಗಿಸ್ಬೇಕು. ಮುಂದಿನ್ ವರ್ಷನೂ ನೀವೇ ಇರ್ತೀರಲ್ಲ?"

ಇರುತ್ತೇನೆ ಅಂದೆ. ಹಾಗನ್ನಲು ನನಗೆ ಯಾವ ಅಧಿಕಾರವೂ ಇರಲಿಲ್ಲ. ಅತಿಥಿ ಉಪನ್ಯಾಸಕರನ್ನು ವರ್ಷ ವರ್ಷವೂ ಹೊಸದಾಗಿ ತೆಗೆದುಕೊಳ್ಳುತ್ತಾರೆ, ಅದಕ್ಕೆ ಬೇಕಾದದ್ದು ಕಾರ್ಯದರ್ಶಿಯವರ ಒಂದು ಮಾತು. ಆ ವರ್ಷ ಆ ಮಾತು ಇನ್ನೂ ಬಂದಿರಲಿಲ್ಲ. ಗಿರಿಯಮ್ಮ ತಲೆಯಾಡಿಸಿ ಬಸ್ಸಿಗೆ ಹೋದಳು.

ಮರುದಿನ ಬೆಳಿಗ್ಗೆ ಆ ಮಾತು ಕೇಳಲು ನಾನೇ ಭಂಡಿಗಡಿಗೆ ಹೋದೆ. ವೆಂಕಟರಮಣಯ್ಯನವರು ಮನೆಯ ಮುಂದೆ ಕೂತು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದರು. ಅಂಗಳದಾಚೆಗೆ ಬಿಡಾರದ ಬಾಗಿಲು ಮುಚ್ಚಿತ್ತು. ಅವರು ಯಾವತ್ತಿನ ಹಾಗೇ ನಗುತ್ತ, ಬಾರಮ್ಮ ಅಂದರು, ಒಳಗೆ ಕಾಫಿ ಹೇಳಿದರು, ಎದುರಿನ ಕುರ್ಚಿ ತೋರಿಸಿ ಕೂತ್ಕೊ ಅಂದರು. ದಾರಿಯುದ್ದಕ್ಕೂ ಹೇಳಿ ಹೇಳಿ ಗಟ್ಟಿ ಮಾಡಿಕೊಂಡು ಬಂದ ಮಾತುಗಳೆಲ್ಲ ನನ್ನ ನಾಲಿಗೆಯ ಮೇಲೇ ಇದ್ದವು. ನಾನು ಕುರ್ಚಿಯ ಬೆನ್ನು ಹಿಡಿದುಕೊಂಡೆ. ಎಷ್ಟು ಹೇಳಿದರೂ ಕೂರಲು ನನ್ನಿಂದ ಆಗಲಿಲ್ಲ.